ಎಣ್ಣೆಗೆ ಯಾವ ಡಬ್ಬಿ, ಮಂಡಕ್ಕಿಗೆ ಯಾವ ಚೀಲ: ಆಹಾರಕ್ಕೆ ಪ್ಲಾಸ್ಟಿಕ್ ಆರಿಸುವವರಿಗೊಂದು ಹೋಲಿಕೆ

ಹೋದ ಬೇಸಿಗೆಯಲ್ಲಿ ಉಪ್ಪಿನಕಾಯಿ ಹಾಕುವ ಮೊದಲು ಮಂಡಿಪೇಟೆಯ ಅಂಗಡಿಯೊಂದರಿಂದ ಐನೂರು ಪ್ಲಾಸ್ಟಿಕ್ ಡಬ್ಬಿಗಳನ್ನು ತರಿಸಿದೆ. ದಾವಣಗೆರೆಯ ನನ್ನ ಮನೆಯಲ್ಲೇ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಾವಿನಕಾಯಿ ಉಪ್ಪಿನಕಾಯಿ ಮಾಡಿ ಮಾರುವುದು ನನ್ನ ಕಸುಬು. ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಡಬ್ಬಿಯ ತಳದಲ್ಲಿ ತ್ರಿಕೋನ, ಅದರೊಳಗೆ ಪ್ಲಾಸ್ಟಿಕ್ಕಿನ ಬಗೆ ಹೇಳುವ 5 ಎಂಬ ಅಂಕಿ (ಅಂದರೆ ಪಾಲಿಪ್ರೊಪಿಲೀನ್), ಪಕ್ಕದಲ್ಲಿ ‘ಫುಡ್ ಗ್ರೇಡ್’ ಎಂಬ ಅಚ್ಚು. ಪರೀಕ್ಷೆಯ ಪ್ರಮಾಣಪತ್ರ ಕೇಳಿದೆ. ಅಂಗಡಿಯವರು ಬೇಸರಿಸದೆ ಎರಡು ಪುಟಗಳ ನಕಲು ಕೊಟ್ಟರು. ಎಲ್ಲವೂ ಮಿತಿಯೊಳಗಿದೆ ಎಂದು ಕೊನೆಯ ಸಾಲು ಹೇಳುತ್ತಿತ್ತು. ರಾತ್ರಿ ಕೆಲಸ ಮುಗಿಸಿ ಮತ್ತೊಮ್ಮೆ ಓದಿದಾಗ ನಡುವಿನ ಸಾಲೊಂದು ಕಣ್ಣಿಗೆ ಬಿತ್ತು. ಪರೀಕ್ಷೆಗೆ ಬಳಸಿದ ದ್ರವ: ಬಟ್ಟಿ ಇಳಿಸಿದ ನೀರು. ಬೇರೆ ಯಾವ ದ್ರವದ ಹೆಸರೂ ಇರಲಿಲ್ಲ.

ನನ್ನ ಉಪ್ಪಿನಕಾಯಿಯ ಮೇಲೆ ಒಂದು ಬೆರಳು ಎಣ್ಣೆ ನಿಂತಿರುತ್ತದೆ. ಕೆಳಗೆ ಮಾವಿನ ಹುಳಿ ಮತ್ತು ಉಪ್ಪು. ಕೊಂಡವರ ಅಡುಗೆಮನೆಯಲ್ಲಿ ಅದು ಏಳೆಂಟು ತಿಂಗಳು ಇರುತ್ತದೆ. ನೀರಿನಲ್ಲಿ ಪಾಸಾದ ಡಬ್ಬಿ ಎಣ್ಣೆಯಲ್ಲೂ ಪಾಸಾಗುತ್ತದೆ ಎಂದು ಆ ಕಾಗದ ಎಲ್ಲೂ ಹೇಳಿರಲಿಲ್ಲ. ನಾನೇ ಹಾಗೆ ಓದಿಕೊಂಡಿದ್ದೆ.

ಆವತ್ತಿನಿಂದ ‘ಯಾವ ಪ್ಲಾಸ್ಟಿಕ್ ಒಳ್ಳೆಯದು’ ಎಂದು ಯಾರಾದರೂ ಕೇಳಿದರೆ ನಾನು ಮರುಪ್ರಶ್ನೆ ಹಾಕುತ್ತೇನೆ: ಒಳಗೆ ಏನು ಹಾಕುತ್ತೀರಿ, ಎಷ್ಟು ಬಿಸಿ ಇರುತ್ತದೆ, ಎಷ್ಟು ದಿನ ಇಡುತ್ತೀರಿ? ಇದಕ್ಕೆ ಉತ್ತರ ಸಿಕ್ಕರೆ ಮಾತ್ರ ಒಂದು ಡಬ್ಬಿಯನ್ನು ಇನ್ನೊಂದರ ಜೊತೆ ಹೋಲಿಸಬಹುದು. ಮಂಡಕ್ಕಿಗೆ ಧಾರಾಳವಾಗಿ ಸಾಕಾಗುವ ಚೀಲವೇ ಬಿಸಿ ಪಲ್ಯಕ್ಕೆ ಕೆಟ್ಟ ಆಯ್ಕೆಯಾಗುತ್ತದೆ.

ಪ್ಲಾಸ್ಟಿಕ್ ಏನು ಬಿಡುತ್ತದೆ

ಬಟ್ಟೆ ಬಣ್ಣ ಬಿಡುತ್ತದೆ ಎನ್ನುತ್ತೇವಲ್ಲ, ಪ್ಲಾಸ್ಟಿಕ್ ಕೂಡ ಹಾಗೆಯೇ ಆಹಾರಕ್ಕೆ ಬಿಡುತ್ತದೆ. ಪ್ರಯೋಗಾಲಯದವರು ಇದನ್ನು ವಲಸೆ ಎಂದು ಕರೆಯುತ್ತಾರೆ. ವಲಸೆ ಹೋಗುವುದು ಪ್ಲಾಸ್ಟಿಕ್ಕಿನ ಮೂಲ ಪಾಲಿಮರ್ ಅಲ್ಲ. ಆ ಸರಪಳಿಗಳು ಬಹಳ ಉದ್ದ, ಕದಲುವುದೇ ಕಷ್ಟ. ಕದಲುವುದು ಅವುಗಳ ನಡುವೆ ಸೇರಿಸಿದ ಸಣ್ಣ ಅಣುಗಳು. ಹೋಳಿಗೆಯ ಕಣಕಕ್ಕೆ ಎಣ್ಣೆ ಹಾಕಿ ನಾದುತ್ತೇವೆ. ಕಣಕ ಮೆತ್ತಗಾಗುತ್ತದೆ, ಆದರೆ ಎಣ್ಣೆ ಹಿಟ್ಟಿಗೆ ಕಟ್ಟಿಕೊಂಡಿರುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ತಟ್ಟೆಗೆ ಒಸರುತ್ತದೆ. ಮೃದುವಾದ ಪಿವಿಸಿಯಲ್ಲಿ ಇರುವುದೂ ಇದೇ ಏರ್ಪಾಡು. ಗಟ್ಟಿ ಪಿವಿಸಿಯನ್ನು ಬಾಗಿಸಲು ಥಾಲೇಟ್‌ನಂಥ ಮೃದುಕಾರಕಗಳನ್ನು ಬೆರೆಸುತ್ತಾರೆ. ಹಲವು ಸಲ ಅದರ ತೂಕದ ಮೂರನೇ ಒಂದು ಭಾಗ ಈ ಮೃದುಕಾರಕವೇ ಆಗಿರುತ್ತದೆ.

ಸೇರಿಸುವ ರಾಸಾಯನಿಕಗಳೆಲ್ಲ ಒಂದೇ ತೂಕದವಲ್ಲ, ಎಲ್ಲಕ್ಕೂ ಒಂದೇ ಅಳತೆಯಲ್ಲಿ ಹೆದರಬೇಕಾಗಿಯೂ ಇಲ್ಲ. ಪಾಲಿಪ್ರೊಪಿಲೀನ್ ಅಚ್ಚಿನ ಬಿಸಿಯಲ್ಲಿ ಕೆಡದಿರಲೆಂದು ಉತ್ಕರ್ಷಣ ನಿರೋಧಕಗಳನ್ನು ಹಾಕುತ್ತಾರೆ. ಚೀಲದ ಬಾಯಿ ಅಂಟಿಕೊಳ್ಳದಿರಲೆಂದು ಎರುಕಮೈಡ್ ಎಂಬ ಜಾರುಕಾರಕ ಹಾಕುತ್ತಾರೆ. ಅದು ಕೊಬ್ಬಿನಾಮ್ಲದ ಸಂಬಂಧಿ, ನನಗೆ ಅದರ ಚಿಂತೆ ಕಡಿಮೆ. ಬಣ್ಣಗಳ ಬಗ್ಗೆ ಚಿಂತೆ ಹೆಚ್ಚು. ಡಿಇಎಚ್‌ಪಿ ಎಂಬ ಥಾಲೇಟ್ ಮತ್ತು ಬಿಸ್ಫಿನಾಲ್ ಎ ಬಗ್ಗೆ ಇನ್ನೂ ಹೆಚ್ಚು, ಏಕೆಂದರೆ ಇವೆರಡೂ ದೇಹದ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುವಂಥವು. ಬಿಸ್ಫಿನಾಲ್ ಎ ಸೇರ್ಪಡೆಯಲ್ಲ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಕಟ್ಟುವ ಇಟ್ಟಿಗೆಯೇ ಅದು. ಕಟ್ಟಿದ ಮೇಲೆ ಉಳಿದ ಚೂರು, ಕಾಲಕ್ರಮೇಣ ಕಳಚಿಕೊಳ್ಳುವ ಚೂರು ಆಹಾರಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಗೊಂದಲವನ್ನು ತಿಳಿಗೊಳಿಸಬೇಕು. ಪೆಟ್ ಬಾಟಲಿಯ ಪೂರ್ಣ ಹೆಸರು ಪಾಲಿಎಥಿಲೀನ್ ಟೆರೆಥಾಲೇಟ್. ಹೆಸರಿನ ಬಾಲ ನೋಡಿ ಅದರಲ್ಲಿ ಥಾಲೇಟ್ ಮೃದುಕಾರಕ ಇದೆ ಎಂದು ಹಲವರು ನಂಬಿದ್ದಾರೆ. ಅದು ಬೇರೆ, ಇದು ಬೇರೆ. ಪೆಟ್‌ಗೆ ಮೃದುಕಾರಕ ಬೇಕಾಗುವುದಿಲ್ಲ. ಅದರಲ್ಲಿ ಗಮನಿಸಬೇಕಾದದ್ದು ತಯಾರಿಕೆಯಲ್ಲಿ ಉಳಿಯುವ ಆಂಟಿಮನಿ ಎಂಬ ಲೋಹದಂಥ ವಸ್ತು, ಅದೂ ಬಾಟಲಿ ಬಿಸಿಯಾದಾಗ.

ನಾಲ್ಕು ಸಂಗತಿಗಳು, ಅದರಲ್ಲಿ ನಾವು ಮರೆಯುವ ಒಂದು

ಬಿಸಿ, ಕೊಬ್ಬು, ಸಮಯ. ಈ ಮೂರನ್ನು ಕೇಳದವರಿಲ್ಲ. ಬಿಸಿಯ ಬಲ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಸಾಕು: ಐರೋಪ್ಯ ಒಕ್ಕೂಟದ ನಿಯಮದಲ್ಲಿ, ಕೋಣೆಯ ಉಷ್ಣತೆಯಲ್ಲಿ ಆರು ತಿಂಗಳಿಗೂ ಹೆಚ್ಚು ಇಡುವ ಆಹಾರದ ಡಬ್ಬಿಯನ್ನು 60 ಡಿಗ್ರಿಯಲ್ಲಿ 10 ದಿನ ಇಟ್ಟು ಪರೀಕ್ಷಿಸುತ್ತಾರೆ. ತಣ್ಣಗಿದ್ದಾಗ ಅರ್ಧ ವರ್ಷ ಹಿಡಿಯುವ ಕೆಲಸವನ್ನು ಬಿಸಿ ಹತ್ತು ದಿನದಲ್ಲಿ ಮುಗಿಸುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ಏನೂ ದೂರವಿಲ್ಲ.

ಕೊಬ್ಬಿನ ಮಾತು ಇನ್ನೂ ಸ್ಪಷ್ಟ. ಸೇರ್ಪಡೆ ರಾಸಾಯನಿಕಗಳಲ್ಲಿ ಬಹುಪಾಲು ನೀರಿಗೆ ಒಲ್ಲೆ ಎನ್ನುತ್ತವೆ, ಎಣ್ಣೆಗೆ ಒಲಿಯುತ್ತವೆ. ಮನೆಯಲ್ಲೇ ಇದರ ಗುರುತು ಕಾಣಬಹುದು. ಸಾರು ತುಂಬಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತಿಕ್ಕಿದರೂ ಸಾರಿನ ಎಣ್ಣೆ ನಿಂತಿದ್ದ ಮಟ್ಟದಲ್ಲಿ ಹಳದಿ ಗೆರೆಯೊಂದು ಉಳಿಯುತ್ತದೆ. ಅರಿಸಿನದ ಬಣ್ಣ ಎಣ್ಣೆಯ ಜೊತೆ ಸೇರಿ ಪ್ಲಾಸ್ಟಿಕ್ಕಿನ ಮೈಯೊಳಕ್ಕೇ ಹೋಗಿದೆ, ಆದ್ದರಿಂದಲೇ ಸಾಬೂನಿಗೆ ಸಿಗುವುದಿಲ್ಲ. ಅದು ಒಳಕ್ಕೆ ಹೋದ ದಾರಿಯಲ್ಲೇ ಇನ್ನೊಂದು ಹೊರಕ್ಕೆ ಬರುತ್ತದೆ. ಆ ಹಳದಿ ಗೆರೆಯ ಡಬ್ಬಿಯಲ್ಲಿ ನಾನು ಈಗ ಸೂಜಿ-ದಾರ ಇಡುತ್ತೇನೆ.

ನಾವು ಮರೆಯುವ ನಾಲ್ಕನೆಯದು ಪೊಟ್ಟಣದ ಗಾತ್ರ. ಒಂದು ಲೀಟರ್ ಹಿಡಿಯುವ ಚೌಕ ಡಬ್ಬಿಯನ್ನು ಊಹಿಸಿಕೊಳ್ಳಿ. ಪ್ರತಿ ಬದಿಯೂ 10 ಸೆಂಟಿಮೀಟರ್, ಒಟ್ಟು ಒಳಮೈ 600 ಚದರ ಸೆಂಟಿಮೀಟರ್. ಈಗ ಹೋಟೆಲಿನವರು ಚಟ್ನಿ ಕಟ್ಟಿಕೊಡುವ ಚೀಲ ನೋಡಿ: 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಎರಡು ಬದಿ ಸೇರಿ 160 ಚದರ ಸೆಂಟಿಮೀಟರ್. ಒಳಗೆ ಐವತ್ತೇ ಗ್ರಾಂ ಚಟ್ನಿ. ಅದನ್ನು ಒಂದು ಕಿಲೋಗೆ ಏರಿಸಿದರೆ 3,200 ಚದರ ಸೆಂಟಿಮೀಟರ್ ಆಗುತ್ತದೆ. ಅಂದರೆ ಪ್ರತಿ ಗ್ರಾಂ ಚಟ್ನಿಗೆ ಲೀಟರ್ ಡಬ್ಬಿಗಿಂತ ಐದು ಪಟ್ಟಿಗೂ ಹೆಚ್ಚು ಪ್ಲಾಸ್ಟಿಕ್ ತಾಗುತ್ತದೆ. ಹದಿನೈದು ಲೀಟರಿನ ಎಣ್ಣೆ ಡಬ್ಬದಲ್ಲಿ ಇದು ಲೀಟರಿಗೆ ಸುಮಾರು 250 ಚದರ ಸೆಂಟಿಮೀಟರಿಗೆ ಇಳಿಯುತ್ತದೆ. ದೊಡ್ಡ ಡಬ್ಬದ ಬಗ್ಗೆ ಜನ ಹೆಚ್ಚು ಅನುಮಾನಪಡುತ್ತಾರೆ, ಚಿಕ್ಕ ಚೀಲವನ್ನು ಯೋಚಿಸದೆ ಕೈಗೆತ್ತಿಕೊಳ್ಳುತ್ತಾರೆ. ಲೆಕ್ಕ ತಿರುಗಿಸಿದರೆ ಅನುಮಾನ ಬೀಳಬೇಕಾದ್ದು ಚಿಕ್ಕದರ ಮೇಲೆ.

ಮಿತಿ ಎಂದರೆ ಏನು

ನಮ್ಮಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು 2019ರ ಜುಲೈ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಪ್ಲಾಸ್ಟಿಕ್‌ನಿಂದ ಆಹಾರಕ್ಕೆ ಇಳಿಯುವ ಒಟ್ಟು ವಸ್ತು ಕಿಲೋಗೆ 60 ಮಿಲಿಗ್ರಾಂ ದಾಟಬಾರದು. ಕೆಲವಕ್ಕೆ ಪ್ರತ್ಯೇಕ ಮಿತಿ ಇದೆ: ಡಿಇಎಚ್‌ಪಿ 1.5 ಮಿಲಿಗ್ರಾಂ, ಆಂಟಿಮನಿ 0.04 ಮಿಲಿಗ್ರಾಂ. ಬಣ್ಣಗಳು ಐಎಸ್ 9833 ಎಂಬ ಭಾರತೀಯ ಮಾನದಂಡದ ಪಟ್ಟಿಯಲ್ಲಿರಬೇಕು. ಮುದ್ರಣದ ಬದಿ ಆಹಾರಕ್ಕೆ ತಾಗಬಾರದು. ಪತ್ರಿಕೆಯ ಕಾಗದದಲ್ಲಿ ತಿಂಡಿ ಕಟ್ಟಬಾರದು. ಆಹಾರಕ್ಕೆ ನೇರವಾಗಿ ತಾಗುವ ಪ್ಯಾಕಿಂಗ್ ವಸ್ತುವಿಗೆ ಮಾನ್ಯತೆ ಪಡೆದ ಪ್ರಯೋಗಾಲಯದ ಅನುಸರಣಾ ಪ್ರಮಾಣಪತ್ರವನ್ನು ಆಹಾರ ಉದ್ಯಮಿ ಪಡೆದಿರಬೇಕು. ನನ್ನಂಥ ಮನೆ ಉದ್ಯಮದವರೂ ಅದನ್ನು ಕೇಳಿ ಪಡೆಯಬಹುದು.

60 ಮಿಲಿಗ್ರಾಂ ಎಂಬ ಸಂಖ್ಯೆಯ ಹಿಂದೆ ವಿಷದ ಲೆಕ್ಕವಿಲ್ಲ. ಪ್ಲಾಸ್ಟಿಕ್ ಆಹಾರದೊಳಕ್ಕೆ ಹೆಚ್ಚು ಕರಗಿಹೋಗದೆ ತನ್ನ ಪಾಡಿಗೆ ಇರಬೇಕು ಎಂಬ ಒಟ್ಟಾರೆ ಅಳತೆ ಅದು. ಅದರೊಳಗೆ ಯಾವ ವಸ್ತು ಎಷ್ಟಿದೆ ಎಂಬುದು ಪ್ರತ್ಯೇಕ ಮಿತಿಗಳ ಕೆಲಸ. ಆದ್ದರಿಂದ ಪ್ರಮಾಣಪತ್ರದಲ್ಲಿ ‘ಒಟ್ಟು ವಲಸೆ’ ಎಂಬ ಒಂದೇ ಸಾಲಿದ್ದರೆ ಅರ್ಧ ಉತ್ತರ ಮಾತ್ರ ಸಿಕ್ಕಿದೆ ಎಂದು ತಿಳಿಯಿರಿ.

ಇನ್ನೊಂದು ಮಾತನ್ನು ಮಕ್ಕಳಿರುವ ಮನೆಯವರು ಕೇಳಲೇಬೇಕು. ಐರೋಪ್ಯ ನಿಯಮಗಳು ಸಾಮಾನ್ಯವಾಗಿ 60 ಕಿಲೋ ತೂಕದ ವ್ಯಕ್ತಿ ದಿನಕ್ಕೆ ಒಂದು ಕಿಲೋ ಪ್ಯಾಕ್ ಆದ ಆಹಾರ ತಿನ್ನುತ್ತಾನೆ ಎಂದು ಹಿಡಿದು ಪ್ರತ್ಯೇಕ ಮಿತಿಗಳನ್ನು ಲೆಕ್ಕ ಹಾಕುತ್ತವೆ. ಅಂಗನವಾಡಿಗೆ ಹೋಗುವ ಮಗು 15 ಕಿಲೋ ಇರುತ್ತದೆ. ಅದೇ ಡಬ್ಬಿಯ ಅದೇ ತುತ್ತು ಆ ಮಗುವಿನ ಮೈತೂಕಕ್ಕೆ ನಾಲ್ಕು ಪಟ್ಟು ಭಾರ. ಮಿತಿಗಳು ಬದಲಾಗುತ್ತವೆ ಕೂಡ: ಬಿಸ್ಫಿನಾಲ್ ಎ ದಿನಕ್ಕೆ ಎಷ್ಟು ದೇಹ ಸೇರಬಹುದು ಎಂಬ ಅಂದಾಜನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮೈತೂಕದ ಪ್ರತಿ ಕಿಲೋಗೆ 4 ಮೈಕ್ರೊಗ್ರಾಂ ಎಂದು ಇಟ್ಟಿತ್ತು. 2023ರಲ್ಲಿ ಅದನ್ನು 0.2 ನ್ಯಾನೊಗ್ರಾಂಗೆ, ಅಂದರೆ ಇಪ್ಪತ್ತು ಸಾವಿರ ಪಟ್ಟು ಕೆಳಕ್ಕೆ ಇಳಿಸಿತು. ಅಷ್ಟು ಇಳಿಸಬೇಕಿರಲಿಲ್ಲ ಎಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ವಾದಿಸಿತು. ವಿಜ್ಞಾನಿಗಳ ನಡುವೆಯೇ ಇಷ್ಟು ಅಂತರ ಇರುವಾಗ, ಸುಲಭವಾಗಿ ಬಿಡಬಹುದಾದ ಕಡೆ ಬಿಟ್ಟುಬಿಡುವುದೇ ಸರಿ ಎಂಬುದು ನನ್ನ ನಿಲುವು. ಬಿಡಲಾಗದ ಕಡೆ ಆರಿಸಿಕೊಳ್ಳಬೇಕು.

ಬಿಸಿ ಪಾರ್ಸೆಲ್: ದೋಸೆ, ಪಲ್ಯ, ಚಟ್ನಿ, ಮಿರ್ಚಿ

ನಮ್ಮೂರಿನ ಬೆಣ್ಣೆ ದೋಸೆಯ ಪಾರ್ಸೆಲ್ ಬಿಚ್ಚುವಾಗ ಒಮ್ಮೆ ನಿಧಾನಿಸಿ ನೋಡಿ. ದೋಸೆ ಬಾಳೆ ಎಲೆಯಲ್ಲಿದ್ದರೆ ಅದರ ಬಗ್ಗೆ ಹೇಳಬೇಕಾದ್ದು ಏನೂ ಇಲ್ಲ. ಎಲೆಗೆ ಮೃದುಕಾರಕ ಬೇಡ, ಬೆಣ್ಣೆ ಎಷ್ಟು ಬಿಸಿ ಇದ್ದರೂ ಅದು ಬಾಡಬಹುದಷ್ಟೇ. ಪಕ್ಕದಲ್ಲಿ ಗಂಟು ಹಾಕಿದ ಎರಡು ಚೀಲಗಳಿರುತ್ತವೆ. ಒಂದರಲ್ಲಿ ಆಲೂಗಡ್ಡೆ ಪಲ್ಯ, ಇನ್ನೊಂದರಲ್ಲಿ ಕಾಯಿಚಟ್ನಿ. ಪಲ್ಯದ ಚೀಲ ಕೈಗೆ ಮೆತ್ತಗೆ, ಜೋಲುಬಿದ್ದಂತೆ ತಾಗುತ್ತದೆ. ಮೆತ್ತಗಿನ ಚೀಲಗಳಲ್ಲಿ ಬಳಸುವ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್ ಸುಮಾರು 110 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೂ ಬಹಳ ಮೊದಲೇ ಸಡಿಲವಾಗುತ್ತದೆ. ಒಲೆಯಿಂದ ಇಳಿಸಿದ ಪಲ್ಯ 90 ಡಿಗ್ರಿಯ ಹತ್ತಿರ ಇರುತ್ತದೆ. ಬಿಸಿ, ಎಣ್ಣೆ, ತೆಳು ಚೀಲ, ಚಿಕ್ಕ ಪೊಟ್ಟಣ ಎಲ್ಲವೂ ಒಟ್ಟಿಗೆ ಸೇರಿರುವ ಜಾಗ ಇದು. ಉಳಿದಿರುವುದು ಸಮಯ ಮಾತ್ರ. ಅದು ಅರ್ಧ ಗಂಟೆಯೊಳಗೆ ಮುಗಿಯುತ್ತದೆ ಎಂಬುದೊಂದೇ ಸಮಾಧಾನ.

ಹೋಲಿಸಿದರೆ ಹೀಗೆ. ನಿಮ್ಮದೇ ಸ್ಟೀಲ್ ಕ್ಯಾರಿಯರ್ ಒಯ್ದರೆ ಅದಕ್ಕೆ ಸಮನಾದದ್ದು ಇಲ್ಲ. ನಾನು ಒಯ್ಯುತ್ತೇನೆ, ಮೊದಮೊದಲು ಹೋಟೆಲಿನ ಹುಡುಗರು ನೋಡುತ್ತಿದ್ದರು, ಈಗ ಕೈಚಾಚಿ ಇಸಿದುಕೊಳ್ಳುತ್ತಾರೆ. ಅದಾಗದಿದ್ದರೆ 5ರ ಗುರುತಿನ ದಪ್ಪ ಪಾಲಿಪ್ರೊಪಿಲೀನ್ ಡಬ್ಬಿ. ಅದು ಕರಗುವುದು 160 ಡಿಗ್ರಿಯ ಆಸುಪಾಸಿನಲ್ಲಿ, ಬಿಸಿಯನ್ನು ಪ್ಲಾಸ್ಟಿಕ್‌ಗಳಲ್ಲಿ ಚೆನ್ನಾಗಿ ತಾಳುವುದು ಅದೇ. ತೆಳು ಚೀಲ ಅದಕ್ಕಿಂತ ಬಹಳ ಕೆಳಗೆ. ಎಲ್ಲಕ್ಕಿಂತ ಕೆಳಗೆ 6ರ ಗುರುತಿನ ಪಾಲಿಸ್ಟೈರೀನ್ ಮತ್ತು ಅದರ ಉಬ್ಬಿದ ರೂಪವಾದ ಥರ್ಮಾಕೋಲ್. ಸ್ಟೈರೀನನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2018ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿತು. ಬಿಸಿ ಎಣ್ಣೆ ಪಾಲಿಸ್ಟೈರೀನ್‌ಗೆ ಆಗುವುದೇ ಇಲ್ಲ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ ಎಂಬುದನ್ನು ನೆನಪಿಸಿದರೆ ಹೋಟೆಲಿನವರು ಜಗಳಕ್ಕೆ ಬರುವುದಿಲ್ಲ.

ಹೊಳೆಯುವ ಬೆಳ್ಳಿ ಬಣ್ಣದ ಕಾಗದವನ್ನು ಜನ ಅಲ್ಯುಮಿನಿಯಂ ಎಂದೇ ನಂಬುತ್ತಾರೆ. ಒಳಮೈಯಲ್ಲಿ ಪ್ಲಾಸ್ಟಿಕ್ ಪದರ ಇರುವುದುಂಟು. ಒಂದು ಮೂಲೆ ಹರಿದು ನೋಡಿದರೆ ತೆಳುವಾಗಿ ಎಳೆದುಕೊಂಡು ಬರುವ ಹಾಳೆ ಕಾಣುತ್ತದೆ. ಕಾಗದದ ಚಹಾ ಲೋಟದ ಒಳಗೂ ಅದೇ ಪಾಲಿಎಥಿಲೀನ್ ಪದರ. 85–90 ಡಿಗ್ರಿಯ ಬಿಸಿನೀರನ್ನು ಅಂಥ ಲೋಟದಲ್ಲಿ ಹದಿನೈದು ನಿಮಿಷ ಇಟ್ಟರೆ 100 ಮಿಲಿಲೀಟರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಖರಗ್‌ಪುರದ ಐಐಟಿಯ ಸಂಶೋಧಕರು ಎಣಿಸಿದ್ದಾರೆ. ಗಾಜಿನ ಲೋಟ ಕೊಡುವ ಅಂಗಡಿ ಪಕ್ಕದಲ್ಲೇ ಇದ್ದರೆ ನಾಲ್ಕು ಹೆಜ್ಜೆ ಹೆಚ್ಚು ನಡೆಯಿರಿ.

ಹೋಟೆಲು ನಡೆಸುವವರಿಗೆ ಒಂದು ಕೋರಿಕೆ. ಪಲ್ಯ, ಸಾಂಬಾರನ್ನು ಅಗಲ ಪಾತ್ರೆಗೆ ಸುರಿದು ಸ್ವಲ್ಪ ಆರಿಸಿ, ಆಮೇಲೆ ಕಟ್ಟಿ. ಖರ್ಚಿಲ್ಲದ ಕೆಲಸ, ಆದರೆ ಡಬ್ಬಿ ಬದಲಿಸಿದಷ್ಟೇ ಪ್ರಯೋಜನ ಇದರಿಂದ ಸಿಗುತ್ತದೆ.

ಮಂಡಕ್ಕಿ, ರೊಟ್ಟಿ, ಪುಡಿಗಳು

ಭಟ್ಟಿಯಿಂದ ಬಂದ ಒಣ ಮಂಡಕ್ಕಿಗೆ ಯಾವ ಸ್ವಚ್ಛ ಪಾಲಿಎಥಿಲೀನ್ ಚೀಲವಾದರೂ ಸಾಕು. ಒಣ ಪದಾರ್ಥಕ್ಕೆ ವಲಸೆ ತೀರಾ ಕಡಿಮೆ. ಅಕ್ಕಿ, ರಾಗಿ, ಜೋಳ, ಸಜ್ಜೆ ರೊಟ್ಟಿಗೂ ಇದೇ ಮಾತು. ಇಲ್ಲಿ ತಲೆಕೆಡಿಸಿಕೊಳ್ಳುವುದು ಬೇಡ.

ಅದೇ ಮಂಡಕ್ಕಿಗೆ ಒಗ್ಗರಣೆ ಬಿದ್ದು ಖಾರ ಮಂಡಕ್ಕಿಯಾದ ಕೂಡಲೇ ಅದು ಎಣ್ಣೆ ಪದಾರ್ಥ. ಅದನ್ನು ಪತ್ರಿಕೆಯ ಪೊಟ್ಟಣದಲ್ಲಿ ಹಾಕಿ, ಮೇಲೆ ಬಾಣಲೆಯಿಂದ ತೆಗೆದ ಮಿರ್ಚಿ ಇಟ್ಟರೆ ಮುದ್ರಣದ ಶಾಯಿ ಎಣ್ಣೆಗೆ ಇಳಿಯುತ್ತದೆ. ತಿಂದಾದ ಮೇಲೆ ಕಾಗದದ ಅಕ್ಷರ ಮಸುಕಾಗಿರುವುದನ್ನು ನಮ್ಮೂರಿನವರೆಲ್ಲ ನೋಡಿದ್ದಾರೆ. ಪ್ಲಾಸ್ಟಿಕ್ ಬೇಡ ಎಂದು ಪತ್ರಿಕೆಗೆ ಹೋಗುವುದು ಸುಧಾರಣೆಯಲ್ಲ. ಮುತ್ತುಗದ ಎಲೆ, ಬಾಳೆ ಎಲೆ ಅಥವಾ ತಿರುಗಿ ತೊಳೆಯುವ ಸ್ಟೀಲ್ ತಟ್ಟೆ ಇರಲಿ.

ಶೇಂಗಾ ಚಟ್ನಿಪುಡಿಯಲ್ಲಿ ನಾನೇ ಮೋಸಹೋಗಿದ್ದೆ. ಪುಡಿ ಅಂದಮೇಲೆ ಒಣ ಪದಾರ್ಥ ಎಂದು ತಿಳಿದು ಐವತ್ತು ಗ್ರಾಂ ಪೊಟ್ಟಣಗಳನ್ನು ಮಾಡುತ್ತಿದ್ದೆ. ಶೇಂಗಾ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಕುಟ್ಟಿದಾಗ ಆ ಎಣ್ಣೆ ಹೊರಮೈಗೆ ಬರುತ್ತದೆ, ಎರಡು ವಾರದ ಹಳೆಯ ಪೊಟ್ಟಣದ ಒಳಗೆ ಬೆರಳಾಡಿಸಿದರೆ ಜಿಡ್ಡು ತಾಗುತ್ತದೆ. ಈಗ ಕಾಲು ಕಿಲೋಗಿಂತ ಕಡಿಮೆ ಪೊಟ್ಟಣ ಕಟ್ಟುವುದಿಲ್ಲ, ಎರಡು ತಿಂಗಳಿಗಿಂತ ಹೆಚ್ಚಿನ ಅವಧಿಯನ್ನೂ ಬರೆಯುವುದಿಲ್ಲ. ಕೆಲವು ಗಿರಾಕಿಗಳು ಕಡಿಮೆಯಾದರು. ಪರವಾಗಿಲ್ಲ.

ಎಣ್ಣೆ

ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆ ನಮ್ಮ ಮಗ್ಗುಲಲ್ಲೇ ಇರುವುದರಿಂದ ಇಲ್ಲಿನ ಮನೆಗಳು ಎಣ್ಣೆಯನ್ನು ವರ್ಷಕ್ಕಾಗುವಷ್ಟು ತಂದಿಡುವುದು ರೂಢಿ. ಬಿಸಿ ಇಲ್ಲದಿದ್ದರೂ ಕೊಬ್ಬು ಮತ್ತು ಸಮಯ ಎರಡೂ ತುಂಬಿರುವ ಸಂದರ್ಭ ಇದು.

ಗಾಜು ಮತ್ತು ಸ್ಟೀಲ್ ಮೊದಲ ಸಾಲಿನವು, ತೂಕವೊಂದೇ ತೊಂದರೆ. ಸ್ವಂತ ಶೇಂಗಾ ಒಯ್ದು ಗಾಣದಲ್ಲಿ ಆಡಿಸುವವರು ಸ್ಟೀಲ್ ಡಬ್ಬವನ್ನೇ ಜೊತೆಗೆ ಒಯ್ಯಬೇಕು. ತಗಡಿನ ಡಬ್ಬ ಹೊಸದಿದ್ದರೆ ಒಳ್ಳೆಯದೇ. ಒಮ್ಮೆ ಬಳಸಿದ ತಗಡಿನ ಡಬ್ಬಕ್ಕೆ ಮತ್ತೆ ಖಾದ್ಯತೈಲ ತುಂಬಿ ಮಾರುವುದನ್ನು ನಿಯಮ ಒಪ್ಪುವುದಿಲ್ಲ. ಪ್ಲಾಸ್ಟಿಕ್ಕೇ ಆದರೆ 1ರ ಗುರುತಿನ ಪೆಟ್ ಮತ್ತು 2ರ ಗುರುತಿನ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್ ಎರಡರ ನಡುವೆ ನಾನು ಪೆಟ್ ಅನ್ನೇ ಆರಿಸುತ್ತೇನೆ. ಅದು ಎಣ್ಣೆಯನ್ನು ಅಷ್ಟಾಗಿ ಹೀರುವುದಿಲ್ಲ, ಗಾಳಿಯ ಆಮ್ಲಜನಕವನ್ನೂ ಚೆನ್ನಾಗಿ ತಡೆಯುತ್ತದೆ, ಆದ್ದರಿಂದ ಎಣ್ಣೆ ಬೇಗ ಕಮಟುವುದಿಲ್ಲ. ಕತ್ತಲಲ್ಲಿ, ತಂಪಿನಲ್ಲಿ ಇಡಿ. ಬಿಸಿ ಎಣ್ಣೆಯನ್ನು ಪೆಟ್‌ಗೆ ಎಂದೂ ಸುರಿಯಬೇಡಿ, 70 ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಮುದುಡುತ್ತದೆ.

ನಿಜವಾದ ಅಪಾಯ ಇರುವುದು ಹಳೆಯ ಕ್ಯಾನುಗಳಲ್ಲಿ. ಬೆಳೆಗೆ ಹೊಡೆಯುವ ಔಷಧಿ, ಬಣ್ಣ, ಸೋಪಿನ ದ್ರಾವಣ ತುಂಬಿದ್ದ ಕ್ಯಾನನ್ನು ತೊಳೆದು ಎಣ್ಣೆಗೋ ಮಜ್ಜಿಗೆಗೋ ಬಳಸುವುದನ್ನು ಹೊಲದ ಮನೆಗಳಲ್ಲಿ ಈಗಲೂ ಕಾಣುತ್ತೇನೆ. ಅರಿಸಿನದ ಗೆರೆ ನೆನಪಿಸಿಕೊಳ್ಳಿ. ಮೊದಲು ತುಂಬಿದ್ದನ್ನು ಪ್ಲಾಸ್ಟಿಕ್ ತನ್ನ ಗೋಡೆಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ, ಎಣ್ಣೆ ಬಂದು ಅದನ್ನು ಹೊರಗೆಳೆಯುತ್ತದೆ. ಇದಕ್ಕೆ ತೊಳೆಯುವುದು ಉಪಾಯವಲ್ಲ, ದಯವಿಟ್ಟು ಅದನ್ನು ಆಹಾರದಿಂದ ದೂರವಿಡಿ.

ಉಪ್ಪಿನಕಾಯಿ

ಪ್ಲಾಸ್ಟಿಕ್, ಗಾಜು, ಪಿಂಗಾಣಿ ಜಾಡಿ. ಹುಳಿ, ಉಪ್ಪು, ಎಣ್ಣೆ, ವರ್ಷಗಟ್ಟಲೆ ಸಮಯ ಒಂದಾಗಿರುವುದರಿಂದ ಪ್ಲಾಸ್ಟಿಕ್ ಮೊದಲೇ ಹೊರಗೆ. ಜಾಡಿ ಅಜ್ಜಿಯ ಕಾಲದ್ದು ಎಂದು ಕಣ್ಣುಮುಚ್ಚಿ ಒಪ್ಪಬೇಡಿ. ಅಗ್ಗದ ಹೊಳಪು ಲೇಪದಲ್ಲಿ ಸೀಸವಿದ್ದರೆ ಹುಳಿ ಅದನ್ನು ಕರಗಿಸಿಕೊಳ್ಳುತ್ತದೆ. ಬಿರುಕು ಬಿಟ್ಟ, ಲೇಪ ಎದ್ದ ಜಾಡಿಯನ್ನು ಪಕ್ಕಕ್ಕಿಡಿ.

ಗಾಜಿನ ಬಾಟಲಿಯಲ್ಲೂ ಒಂದು ಮೂಲೆ ಇದೆ, ಅದು ಮುಚ್ಚಳ. ತಿರುಗಿಸಿ ಹಾಕುವ ತಗಡಿನ ಮುಚ್ಚಳದ ಒಳಗೆ ಮೆತ್ತನೆಯ ಬಿಳಿ ಉಂಗುರ ಇರುತ್ತದಲ್ಲ, ಸಾಮಾನ್ಯವಾಗಿ ಅದು ಮೃದುಕಾರಕ ಬೆರೆಸಿದ ಪಿವಿಸಿ. ಎಪಾಕ್ಸಿಡೀಕರಿಸಿದ ಸೋಯಾ ಎಣ್ಣೆಯನ್ನು ಅದಕ್ಕೆ ಬಳಸುತ್ತಾರೆ, ಕೆಲವು ಕಡೆ ಥಾಲೇಟ್‌ಗಳೂ ಸಿಕ್ಕಿವೆ. ಬಾಟಲಿ ಮಲಗಿದರೆ ಎಣ್ಣೆ ನೇರ ಆ ಉಂಗುರಕ್ಕೆ ತಾಗುತ್ತದೆ. ನಾನು ಬಾಟಲಿಯ ಕತ್ತಿನಿಂದ ಎರಡು ಬೆರಳು ಖಾಲಿ ಬಿಟ್ಟು ತುಂಬುತ್ತೇನೆ, ‘ನೆಟ್ಟಗೆ ಇಡಿ’ ಎಂದು ಚೀಟಿ ಅಂಟಿಸುತ್ತೇನೆ. ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸುವಾಗಲೂ ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕುತ್ತೇನೆ.

ನೀರಿನ ಕ್ಯಾನು, ಮಕ್ಕಳ ಡಬ್ಬಿ, ಹಾಲಿನ ಪ್ಯಾಕೆಟ್

ಮನೆಗೆ ಬರುವ 20 ಲೀಟರ್ ಕ್ಯಾನಿನ ತಳ ನೋಡಿ. 7 ಇದ್ದರೆ ಬಹುಮಟ್ಟಿಗೆ ಪಾಲಿಕಾರ್ಬೊನೇಟ್, 1 ಇದ್ದರೆ ಪೆಟ್. ಪಾಲಿಕಾರ್ಬೊನೇಟ್ ಗಟ್ಟಿ, ವರ್ಷಗಟ್ಟಲೆ ತಿರುಗುತ್ತದೆ. ಆ ತಿರುಗಾಟದಲ್ಲಿ ಕ್ಷಾರ ಸೋಪಿನ ತೊಳೆತ, ಗೀರು, ಬಿಸಿಲು ಸೇರಿ ಬಿಸ್ಫಿನಾಲ್ ಎ ಕಳಚುತ್ತದೆ. ಐರೋಪ್ಯ ಒಕ್ಕೂಟ 2011ರಲ್ಲಿ ಮಕ್ಕಳ ಹಾಲಿನ ಬಾಟಲಿಗಳಲ್ಲಿ ಇದನ್ನು ನಿಲ್ಲಿಸಿತು, 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಿಗೂ ನಿಷೇಧವನ್ನು ವಿಸ್ತರಿಸಿತು. ಎರಡರಲ್ಲಿ ಪೆಟ್ ಕ್ಯಾನು ಮೇಲು, ಅದೂ ನೆರಳಿನಲ್ಲಿಟ್ಟ ಅಂಗಡಿಯಿಂದ ತಂದದ್ದು. ಮಸುಕಾದ, ಗೀರು ಬಿದ್ದ ಕ್ಯಾನು ಬಂದರೆ ಹಿಂದಕ್ಕೆ ಕಳಿಸುವ ಹಕ್ಕು ನಿಮಗಿದೆ. ‘ಬಿಪಿಎ (ಬಿಸ್ಫಿನಾಲ್ ಎ) ಇಲ್ಲ’ ಎಂಬ ಚೀಟಿ ನೋಡಿದಾಗ ಬಿಸ್ಫಿನಾಲ್ ಎಸ್ ಎಂಬ ಅದರ ತಮ್ಮನನ್ನು ಬಳಸಿರಬಹುದೇ ಎಂದೂ ಕೇಳಿ.

ಮಕ್ಕಳ ಡಬ್ಬಿಗೆ ನನ್ನಲ್ಲಿ ಹೋಲಿಕೆಯೇ ಇಲ್ಲ, ಸ್ಟೀಲ್. ಬೆಳಿಗ್ಗೆ ಎಂಟಕ್ಕೆ ಬಿಸಿ ಚಿತ್ರಾನ್ನ ತುಂಬುತ್ತೇವೆ, ಮಗು ಒಂದು ಗಂಟೆಗೆ ತಿನ್ನುತ್ತದೆ. ಐದು ಗಂಟೆ, ಎಣ್ಣೆ, ನಿಂಬೆ ಹುಳಿ, 15 ಕಿಲೋ ಮೈ. ಚಿತ್ರವಿರುವ ಬಣ್ಣದ ಡಬ್ಬಿಯೇ ಬೇಕೆಂದು ಅತ್ತರೆ ಅದರಲ್ಲಿ ಬಾಳೆಹಣ್ಣೋ ಬಿಸ್ಕತ್ತೋ ಹಾಕಿ ಕೊಡಿ. ಕಪ್ಪು ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ. ಹಳೆಯ ಎಲೆಕ್ಟ್ರಾನಿಕ್ ಸಾಮಾನಿನ ಪ್ಲಾಸ್ಟಿಕ್ ಕರಗಿಸಿ ಬೆರೆಸಿದರೂ ಆ ಬಣ್ಣದಲ್ಲಿ ತಿಳಿಯುವುದಿಲ್ಲ, ಬೆಂಕಿ ತಡೆಯುವ ಬ್ರೋಮಿನ್ ರಾಸಾಯನಿಕಗಳು ಕಪ್ಪು ಅಡುಗೆ ಸಾಮಾನಿನಲ್ಲಿ ಪತ್ತೆಯಾಗಿವೆ. ‘ಮೈಕ್ರೊವೇವ್ ಸೇಫ್’ ಎಂಬ ಮಾತಿಗೆ ಡಬ್ಬಿ ಸೊಟ್ಟಗಾಗುವುದಿಲ್ಲ ಎಂಬಷ್ಟೇ ಅರ್ಥ ಕೊಡಿ, ಬಿಸಿ ಮಾಡುವುದನ್ನು ಗಾಜಿನಲ್ಲಿ ಮಾಡಿ.

ಹಾಲಿನ ಪ್ಯಾಕೆಟ್ ತಣ್ಣಗಿರುತ್ತದೆ, ಒಂದೆರಡು ದಿನದಲ್ಲಿ ಖಾಲಿಯಾಗುತ್ತದೆ. ಪ್ಯಾಕೆಟ್ಟನ್ನೇ ಬಿಸಿನೀರಿಗೆ ಹಾಕದಿದ್ದರೆ ಸಾಕು.

ಅಡಿಕೆ ಹಾಳೆಯ ತಟ್ಟೆ

ಪ್ಲಾಸ್ಟಿಕ್ ಬಿಟ್ಟವರೆಲ್ಲ ನಮ್ಮ ಚನ್ನಗಿರಿ ಸೀಮೆಯ ಅಡಿಕೆ ಹಾಳೆಯ ತಟ್ಟೆಗೆ ಬರುತ್ತಾರೆ. ನನಗೂ ಅದು ಪ್ರೀತಿಯದು, ಆದ್ದರಿಂದ ಈ ಮಾತು ಬರೆಯಲು ಮನಸ್ಸು ಹಿಂಜರಿಯಿತು. ಅಡಿಕೆಯಲ್ಲಿರುವ ಅರೆಕೊಲಿನ್‌ನಂಥ ಆಲ್ಕಲಾಯ್ಡ್‌ಗಳು ಹಾಳೆಯಿಂದಲೂ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಈ ತಟ್ಟೆಗಳಿಗೆ ತನ್ನ ದೇಶದಲ್ಲಿ ಒಪ್ಪಿಗೆಯಿಲ್ಲ ಎಂದಿತು. ಮದುವೆಯೂಟದಲ್ಲಿ ಅರ್ಧ ಗಂಟೆ ಉಣ್ಣುವುದಕ್ಕೂ ದಿನವೂ ಬಿಸಿ ಸಾರು ಸುರಿದು ತಿನ್ನುವುದಕ್ಕೂ ವ್ಯತ್ಯಾಸವಿದೆ. ಗಿಡದಿಂದ ಬಂದದ್ದಕ್ಕೂ ಬಿಸಿ, ಎಣ್ಣೆ, ಸಮಯದ ಅದೇ ಪ್ರಶ್ನೆಗಳನ್ನು ಹಾಕಬೇಕು. ನಿತ್ಯದ ಬಳಕೆಗೆ ನಾನು ಬಾಳೆ ಎಲೆ ಮತ್ತು ಮುತ್ತುಗದ ಎಲೆಯನ್ನು ಅದಕ್ಕಿಂತ ಮೇಲೆ ಇಡುತ್ತೇನೆ.

ಪ್ರಮಾಣಪತ್ರ ಓದುವಾಗ

ಸಣ್ಣ ಉದ್ಯಮದವರಿಗೆ ಈ ಭಾಗ. ಎರಡು ಡಬ್ಬಿಗಳನ್ನು ಹೋಲಿಸುವಾಗ ಕೊನೆಯ ಸಾಲಿನ ‘ಪಾಸ್’ ಬಿಟ್ಟು ಮೂರು ವಿಷಯ ಹುಡುಕಿ. ಮೊದಲನೆಯದು ದ್ರವ: ಐಎಸ್ 9845ರ ಪರೀಕ್ಷೆಯಲ್ಲಿ ನೀರಿನ ಪದಾರ್ಥಕ್ಕೆ ಬಟ್ಟಿ ಇಳಿಸಿದ ನೀರು, ಹುಳಿಗೆ 3% ಅಸಿಟಿಕ್ ಆಮ್ಲ, ಎಣ್ಣೆಗೆ ಹೆಪ್ಟೇನ್ ಎಂಬ ದ್ರಾವಕ ಬಳಸುತ್ತಾರೆ. ಎರಡನೆಯದು ಉಷ್ಣತೆ ಮತ್ತು ಅವಧಿ. 40 ಡಿಗ್ರಿಯಲ್ಲಿ ಹತ್ತು ದಿನ ಇಟ್ಟ ಪರೀಕ್ಷೆ ನಿಮ್ಮ ಕುದಿಯುವ ಸಾಂಬಾರಿಗೆ ಉತ್ತರ ಕೊಡುವುದಿಲ್ಲ. ಮೂರನೆಯದು ಮಾದರಿಯ ವಿವರ: ಬಣ್ಣ, ದಪ್ಪ, ಮುಚ್ಚಳ. ಬಿಳಿ ಡಬ್ಬಿಯ ಪ್ರಮಾಣಪತ್ರ ತೋರಿಸಿ ಕೆಂಪು ಡಬ್ಬಿ ಮಾರುವುದುಂಟು, ಮುಚ್ಚಳವನ್ನು ಪರೀಕ್ಷೆಗೆ ಕಳಿಸದೇ ಇರುವುದು ಅದಕ್ಕಿಂತ ಸಾಮಾನ್ಯ. ಮೂಗಿನ ಪರೀಕ್ಷೆಯನ್ನೂ ಮಾಡಿ. ಬಿಸಿನೀರು ಹಾಕಿ ಮುಚ್ಚಿ ಹತ್ತು ನಿಮಿಷದ ನಂತರ ತೆರೆದಾಗ ವಾಸನೆ ಬಂದರೆ ಆ ಡಬ್ಬಿ ಬೇಡ. ವಾಸನೆ ಬರದಿದ್ದರೆ ಏನೂ ಇಳಿದಿಲ್ಲವೆಂದು ಮಾತ್ರ ತಿಳಿಯಬೇಡಿ, ಥಾಲೇಟ್‌ಗಳಿಗೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ನಾಲ್ಕೈದು ಜನ ಸೇರಿ ಖರ್ಚು ಹಂಚಿಕೊಂಡು ಮೈಸೂರಿನ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಪರೀಕ್ಷೆಗೆ ವಿಚಾರಿಸುವುದು ಒಳ್ಳೆಯದು.

ನಾನು ಅಂಗಡಿಯವರಲ್ಲಿ ಹೆಪ್ಟೇನ್ ಮತ್ತು ಆಮ್ಲ ಎರಡರ ಪರೀಕ್ಷೆಯನ್ನೂ ಕೇಳಿದೆ. ಮೂರು ವಾರದ ನಂತರ ತಯಾರಕರಿಂದ ಹೊಸ ಕಾಗದ ಬಂತು. ಹೆಪ್ಟೇನಿನ ಸಾಲಿನ ಅಂಕಿ ನೀರಿನದಕ್ಕಿಂತ ಹಲವು ಪಟ್ಟು ದೊಡ್ಡದಿತ್ತು, ಮಿತಿಯನ್ನು ಮಾತ್ರ ದಾಟಿರಲಿಲ್ಲ. ಆ ಐನೂರು ಡಬ್ಬಿಗಳಿಗೆ ಎರಡು ತಿಂಗಳೊಳಗೆ ಮುಗಿಯುವ ಗುರೆಳ್ಳು ಪುಡಿ ತುಂಬಿದೆ. ಉಪ್ಪಿನಕಾಯಿಯನ್ನು ಗಾಜಿಗೆ ಹಾಕಿದೆ, ಬಾಟಲಿಗೆ ಹದಿನೆಂಟು ರೂಪಾಯಿ ಹೆಚ್ಚಾಯಿತು, ಏಕೆ ಹೆಚ್ಚಾಯಿತೆಂದು ಚೀಟಿಯ ಹಿಂದೆ ಎರಡು ಸಾಲು ಬರೆದಿದ್ದೇನೆ.